ಡೀಲ್ ಬಿಟ್ಟ ರೀಲು

ಸ್ಟ್ರೈಪ್ಡ್ ಬಾಸ್ ಮೀನಿಗೆಂದು ಗಾಳದ ದಾರ ಸುತ್ತುವ ದೊಡ್ಡ ರೀಲು ಕೊಂಡಾಗ, ದಾರಕ್ಕೆ ಬ್ರೇಕ್ ಹಾಕುವ ಅದರ ತಿರುಪನ್ನು ನಾನು ಪೂರ್ತಿ ಬಿಗಿದಿಟ್ಟೆ. ನಲ್ಲಿ ಸೋರಬಾರದು, ಉಪ್ಪಿನಕಾಯಿ ಜಾಡಿಯ ಮುಚ್ಚಳ ಸಡಿಲ ಇರಬಾರದು ಎಂದು ಕಲಿತು ಬೆಳೆದ ಕೈ ಇದು.

ನ್ಯೂಜೆರ್ಸಿಯ ಕಡಲಂಚಿನಲ್ಲಿ ಒಂದು ಬೆಳಿಗ್ಗೆ ಮೀನು ಕಚ್ಚಿತು. ಕೋಲು ಬಿಲ್ಲಿನಂತೆ ಬಾಗಿತು, ದಾರ ಸಿಳ್ಳೆ ಹಾಕಿತು. ಮೀನನ್ನೇ ತಿನ್ನದ, ಆದರೆ ಬೆಂಗಳೂರಿನ ತಾರಸಿಗಳ ಮೇಲೆ ಗಾಳಿಪಟ ಹಾರಿಸಿಯೇ ಬೆಳೆದ ನನ್ನ ಹೆಂಡತಿ, ಪಟದ ದಾರ ಸಡಿಲ ಬಿಡಲು ಕೂಗುವ ಹಾಗೆಯೇ ಹಿಂದಿನಿಂದ ಕಿರುಚಿದಳು: "ಡೀಲ್ ಬಿಡ್ರೀ! ಹಿಡ್ಕೊಂಡ್ರೆ ಲೈನ್ ಕಟ್ ಆಗತ್ತೆ!"

ತಿರುಪು ಸಡಿಲಿಸಿದೆ. ರೀಲು ಗಿರ್ರೆಂದು ದಾರ ಬಿಟ್ಟುಕೊಟ್ಟಿತು, ಬಿಟ್ಟಷ್ಟೂ ಆ ಮೀನು ದೂರ ದೂರ ಓಡಿತು. ಬಾಲ್ಯದಲ್ಲಿ ಕತ್ತೆತ್ತಿ ನೋಡುತ್ತಿದ್ದ ಗಾಳಿಪಟ ಅಂದು ಸಮುದ್ರದೊಳಗೆ ಹಾರುತ್ತಿತ್ತು.