ಗ್ರೀಕರ ಗಡಿಗೆಯಲ್ಲಿ ನಮ್ಮ ಜೋಳ

ಸಂಸ್ಥಾನ ವಿಲೀನವಾದ ವರ್ಷ ನಾನು ಮಿರಜದ ಒಂದು ವಾಡೆಯಲ್ಲಿ ಕಾರಕೂನನಾಗಿದ್ದೆ. ವಾಡೆಯ ಧಣಿಗಳು ವಿಲಾಯತಿಯಿಂದ ತಂದ ಪ್ರಾಚೀನ ಗ್ರೀಕರ ಗಡಿಗೆ, ಹಣತೆ, ಮುಕ್ಕಾದ ಮೂರ್ತಿಗಳನ್ನು ಒಂದು ಕೋಣೆಯಲ್ಲಿ ಜೋಡಿಸಿಟ್ಟಿದ್ದರು. ಜನ ಬಂದು ನೋಡಿ ಹೋಗುತ್ತಿದ್ದರು. ಅವುಗಳ ಮುಂದಿಡುವ ವಿವರದ ಚೀಟಿ ಬರೆದವನು ನಾನೇ. ಒಂದೊಂದು ಚೀಟಿಗೂ ದಪ್ಪ ಪುಸ್ತಕ ತಿರುವಿಹಾಕಿ ಕಣ್ಣು ಹಾಳುಮಾಡಿಕೊಂಡಿದ್ದೆ. ಈಗ ಕೋಣೆ ಸರಕಾರದ ಪಾಲಾಗಿತ್ತು. ಅಲ್ಲಿನ ಸಾಮಾನುಗಳ ಯಾದಿ ಮಾಡಲು ಸಾಹೇಬರೊಬ್ಬರು ಬರುವವರಿದ್ದರು. ನನ್ನ ನೌಕರಿ ಉಳಿಯುವುದೂ ಹೋಗುವುದೂ ಅವರ ಕೈಯಲ್ಲಿತ್ತು.

ಅದಕ್ಕೂ ಮುಂಚೆ ಅವ್ವನಿಗೊಮ್ಮೆ ಕೋಣೆ ತೋರಿಸೋಣವೆಂದು ನಮ್ಮೂರು ಕವಲಾಪುರದಿಂದ ಕರೆತಂದೆ. ಅದೇ ನಾನು ಮಾಡಿದ ತಪ್ಪು. ನಮ್ಮ ಮನೆಯಲ್ಲಿ ಗಡಿಗೆಯನ್ನು ಬರಿದಾಗಿ ಇಡುವ ರೂಢಿಯಿಲ್ಲ. ತಳದಲ್ಲಿ ನಾಲ್ಕು ಕಾಳಾದರೂ ಇರಬೇಕು. ನನ್ನ ಮನೆಗೆಂದು ಹೊಸ ಜೋಳವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ನಾನು ಕಿಟಕಿ ಮುಚ್ಚುವಷ್ಟರಲ್ಲಿ ಅದರಲ್ಲಿ ಒಂದು ಹಿಡಿ ಕೋಣೆಯಲ್ಲಿದ್ದ ದೊಡ್ಡ ಗಡಿಗೆಗೆ ಬಿದ್ದಾಗಿತ್ತು. ನನಗೆ ಗೊತ್ತೇ ಆಗಲಿಲ್ಲ.

ಮರುದಿನ ಸಾಹೇಬರು ಬಂದರು. ಗ್ರೀಕರೆಂದರೆ ಯಾರೆಂದು ಅವರಿಗೆ ತಿಳಿದಿರಲಿಲ್ಲ, ತಿಳಿಯುವ ಹುರುಪೂ ಇರಲಿಲ್ಲ. ಅವರ ಮಾತನ್ನು ತಿದ್ದಹೋದ ಕಾವಲುಗಾರನನ್ನು ಬಂದ ಗಳಿಗೆಯಲ್ಲೇ ನೌಕರಿಯಿಂದ ತೆಗೆದು ಮನೆಗೆ ಕಳಿಸಿದರು. ಆಮೇಲೆ ದೊಡ್ಡ ಗಡಿಗೆ ಬಗ್ಗಿಸಿದರು. ಅಂಗೈಗೆ ಬಿದ್ದ ಕಾಳು ನೋಡಿ, ಮರಾಠಿಯಲ್ಲಿ ನನಗೆ ಬರೆದುಕೊಳ್ಳಲು ಹೇಳಿದರು: ಮಣ್ಣಿನ ಗಡಿಗೆ ಒಂದು, ಒಳಗೆ ಧಾನ್ಯ, ಗ್ರೀಕರ ಕಾಲದ್ದು.

ಆ ಕಾಳು ಎಲ್ಲಿಯದೆಂದು ನನಗೆ ಆಗ ಹೊಳೆಯಿತು. ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಓದಿದ್ದೆಲ್ಲ ನೀರಿನಲ್ಲಿ ಹೋಮವಾಯಿತು. ಆದರೂ ಹೇಳಿದ್ದನ್ನು ಹೇಳಿದ ಹಾಗೆ, ದುಂಡಗೆ ಬರೆದೆ. ಸಂಜೆಗೆ ನೌಕರಿ ಖಾಯಂ ಆಯಿತು.

ಮನೆಗೆ ಬಂದವನೇ ಅವ್ವನ ಮೇಲೆ ಹರಿಹಾಯ್ದೆ.

"ಅದೇನ್ ನಿನ್ನ ಅಡಗಿಮನಿ ಅಂತ ತಿಳದಿದ್ದೇನ? ಯಾರ ಕೇಳಿದ್ರು ನಿನ್ನ ಜೋಳಾ?"

ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಸಿಟ್ಟಾಗಲಿಲ್ಲ.

"ನಮ್ಮ ಹೊಲದ್ದು ಅಂತ ಹೇಳಲಿಲ್ಲೇನ ನೀ?"

"ಹೆಂಗ ಹೇಳ್ಲಿ? ಹೇಳಿದ್ರ ನೌಕರಿ ಹೋಗ್ತಿತ್ತು."

"ಹಂಗಾರ ಆ ಗ್ರೀಕರದು ಅಂತ ಬರದಾಂವ ಯಾರು?"

ಸಾಹೇಬರೆಂದು ಹೇಳಬಹುದಿತ್ತು.

"ನಾನ ಬರದೇನಿ," ಎಂದೆ.