ಬಸವರಾಜೇಶ್ವರಿಯವರ ತಾಜಾ ಮೊಟ್ಟೆ

"ಅಮ್ಮಾ, ರಾಜಜ್ಜಿ ನಂಗೆ ಮೊಟ್ಟೆ ಹಾಕುವಾಗ ಯಾಕೆ ಕಣ್ಣು ಒರೆಸ್ಕೊಂಡ್ರು?"

ಒಂದನೇ ಕ್ಲಾಸಿನ ಚೈತನ್ಯಾ ಶಾಲೆಯ ಗೇಟಿನಲ್ಲೇ ಕೇಳಿದಳು. ವರಲಕ್ಷ್ಮಿ ಮಗಳ ಬ್ಯಾಗನ್ನು ಹೆಗಲಿಗೇರಿಸಿಕೊಂಡು, "ಹೊಗೆ ಇರ್ಬೇಕು ಕಣೇ" ಅಂದಳು.

"ಗ್ಯಾಸಲ್ಲಿ ಹೊಗೆ ಬರಲ್ಲಮ್ಮ."

ತಾಯಿ ಮಗಳಿಬ್ಬರೂ ಮನೆಯ ದಾರಿ ಬಿಟ್ಟು ಶಾಲೆಯ ಅಡುಗೆಕೋಣೆಯ ಕಡೆ ತಿರುಗಿದರು.

ಅತ್ತಿಗುಪ್ಪೆಯ ಆ ಸರ್ಕಾರಿ ಶಾಲೆಯಲ್ಲಿ ಬಸವರಾಜೇಶ್ವರಿ, ಮಕ್ಕಳ ಬಾಯಲ್ಲಿ ರಾಜಜ್ಜಿ, ಬಿಸಿಯೂಟ ಬೇಯಿಸಲು ತೊಡಗಿ ಹನ್ನೊಂದು ವರ್ಷ. ಬ್ಯಾಡಗಿ ಕಡೆಯ ಹೆಣ್ಣುಮಗಳು. ಗಂಡ ರಾಜಾಜಿನಗರದ ಪ್ರೆಸ್ಸಿನಲ್ಲಿದ್ದರು. ಅವರು ತೀರಿಕೊಂಡ ಮೇಲೆ ಈ ಒಲೆಯೇ ಇವರ ಆಸರೆ. ಕೊರಳಲ್ಲಿ ಲಿಂಗ ಕಟ್ಟಿದವರು, ಮೊಟ್ಟೆಯ ರುಚಿ ಹೇಗಿರುತ್ತದೆಂದು ತಿಳಿಯದವರು. ಶಾಲೆಗೆ ಮೊಟ್ಟೆ ಬಂದ ಮೊದಲ ದಿನ ಎರಡೂ ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡೇ ಸುಲಿದಿದ್ದರು. ಅಂದು ಮಧ್ಯಾಹ್ನ ಪುಟ್ಟ ಹುಡುಗಿಯೊಬ್ಬಳು ತಟ್ಟೆಗಂಟಿದ ಹಳದಿ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೆಕ್ಕುವುದನ್ನು ಕಂಡರು. ಮುಂದಿನ ಸಲ ಕವರು ಇರಲಿಲ್ಲ. ಮನೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡು ಪೂಜೆಗೆ ಕೂರುತ್ತಿದ್ದರು, ಅಷ್ಟೆ.

ಈಗ ಅವರು ತೊಳೆದ ಪಾತ್ರೆಗಳ ನಡುವೆ ಸುಮ್ಮನೆ ಕುಳಿತಿದ್ದರು.

"ಬಾ ತಂಗಿ. ನಿನ್ ಮಗಳಿಗೂ ಇವತ್ತ ಹರಕಲ ತತ್ತಿ ಹಾಕೇನಿ. ಇಲಿ ಕಡದಂಗ ಆಗಿದ್ವು. ಸಿಪ್ಪಿ ಜೋಡಿ ಅರ್ಧ ತತ್ತೀನೂ ಕಿತ್ತು ಬರತೈತಿ."

ಒಂದು ತಿಂಗಳಿಂದ ಹೀಗೇ ಆಗುತ್ತಿತ್ತು. 'ನಮ್ಮ ಮಗುವಿಗೆ ಅರ್ಧ ಮೊಟ್ಟೆ' ಎಂದು ತಾಯಂದಿರು ದೂರಿದ್ದರು. ಹೆಡ್‌ಮಾಸ್ಟರ್ ಗುರುಸಿದ್ದಯ್ಯನವರು ಬೆಳಿಗ್ಗೆ ಸುಲಿದಿಟ್ಟ ಮೊಟ್ಟೆಗಳ ತಟ್ಟೆಯನ್ನು ನೋಡಿ, ಬರುವ ಬುಧವಾರವೂ ಹೀಗಾದರೆ ಬೇರೆಯವರನ್ನು ಕರೆಸಬೇಕಾಗುತ್ತದೆ ಎಂದು ಹೇಳಿ ಹೋಗಿದ್ದರು.

"ಹಳೇ ಮೊಟ್ಟೆ ಕೊಡ್ತಿದಾನೇನೋ ಅಂಗಡಿಯವ್ನು?" ಎಂದಳು ವರಲಕ್ಷ್ಮಿ, ಬಾಯಿಗೆ ಬಂದಂತೆ.

"ಹಳೇವು ನಾ ಬಿಡ್ತೀನೇನ!" ಬಸವರಾಜೇಶ್ವರಿ ಎದ್ದೇಬಿಟ್ಟರು. ತಿಂಗಳ ಹಿಂದೆ ಒಂದು ಕೊಳೆತ ಮೊಟ್ಟೆ ಬಂದಿತ್ತಂತೆ. ಅಂದಿನಿಂದ ಒಂದೊಂದನ್ನೂ ಬಕೆಟ್ ನೀರಿಗೆ ಬಿಟ್ಟು ನೋಡುತ್ತಿದ್ದರು. ತಳದಲ್ಲಿ ಅಡ್ಡ ಮಲಗಿದ್ದು ತಾಜಾ, ಅದು ಮಕ್ಕಳಿಗೆ. ಒಂದು ತುದಿ ಮೇಲೆತ್ತಿಕೊಂಡದ್ದು ಬುಟ್ಟಿಗೆ, ಅಂಗಡಿಗೆ ವಾಪಸ್. ಬುಟ್ಟಿ ಅಲ್ಲೇ ಬಾಗಿಲ ಬಳಿ ಇತ್ತು.

ವರಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅಮ್ಮಾ, ಬದನೆಕಾಯಿ ಆರಿಸ್ದಂಗೆ ಆರಿಸಿದೀರಲ್ಲ! ನಮ್ಮನೇಲಿ ಕೋಳಿ ಸಾಕಿದ್ವಿ. ಆಗಷ್ಟೇ ಇಟ್ಟಿದ್ದನ್ನ ನಮ್ಮಮ್ಮ ಬೇಯಿಸೋಕೇ ಬಿಡ್ತಿರಲಿಲ್ಲ. ಹೊಸದರಲ್ಲಿ ಒಳಗಿನ ಪೊರೆ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ, ವಾರ ಆದ್ರೆ ತಾನೇ ಬಿಡುತ್ತೆ. ತೇಲೋದನ್ನ ಮಾತ್ರ ಬಿಸಾಕಿ."

"ಹಂಗಾರ ಛಲೋವು ಅಂತ ಆರಿಸಿದ್ದs ತಪ್ಪಾತೇನ?"

"ತರಕಾರಿಗೆ ಸರಿ, ಇದಕ್ಕಲ್ಲ. ಮೊಟ್ಟೆ ಯಾವಾಗ ಹಾಕ್ತೀರಾ, ನೀರು ತಣ್ಣಗಿರುವಾಗ್ಲೇನಾ?"

"ಹೌದವಾ."

"ಕುದಿಯೋಕೆ ಬಂದ್ಮೇಲೆ ಹಾಕಿ, ಆಗ ಬಿಳಿ ಭಾಗ ಪೊರೆಗೆ ಅಂಟ್ಕೊಳಲ್ಲ."

ಒಲೆ ಮತ್ತೆ ಹತ್ತಿತು. ಬುಟ್ಟಿಯಿಂದ ಆರು ಮೊಟ್ಟೆ ತೆಗೆದು, ಕುದಿಯುವ ನೀರಿಗೆ ಸೌಟಿನಲ್ಲಿ ಒಂದೊಂದಾಗಿ ಇಳಿಸಿದರು. ಹನ್ನೆರಡು ನಿಮಿಷ ಬೆಂದ ಮೇಲೆ ತಣ್ಣೀರಿನ ಬೋಗುಣಿಗೆ. ಅವು ಪೂರ್ತಿ ಆರುವತನಕ ಚೈತನ್ಯಾ ಬೋಗುಣಿಯ ಅಂಚು ಹಿಡಿದು ಕುಳಿತಳು. ಬಸವರಾಜೇಶ್ವರಿ ಮೊಟ್ಟೆಯ ಅಗಲದ ತುದಿಯನ್ನು ಕಲ್ಲಿಗೆ ಮೆಲ್ಲಗೆ ತಟ್ಟಿ, ನೀರಿನೊಳಗೇ ಹೆಬ್ಬೆರಳಾಡಿಸಿದರು. ಸಿಪ್ಪೆ ಎರಡೇ ಹೋಳಾಗಿ ಬಿಟ್ಟುಕೊಂಡಿತು. ಅಂಗೈಯಲ್ಲಿ ಒಂದು ಗೀರೂ ಇಲ್ಲದ ಬಿಳಿ ಮೊಟ್ಟೆ. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎರಡನೆಯದು, ಮೂರನೆಯದು. ಆರನೆಯದರ ಹೊತ್ತಿಗೆ ಗುನುಗುತ್ತಿದ್ದರು.

"ರಾಜಜ್ಜಿ, ಇದು ಪೂರ್ತಿ ನಂದಾ?"

"ಪೂರಾ ನಿಂದs, ನನ್ನವ್ವ."

ಮಗು ತಿನ್ನುವುದನ್ನೇ ನೋಡುತ್ತಿದ್ದವರು ಸೆರಗಿಗೆ ಕೈ ಒರೆಸಿಕೊಂಡು ವರಲಕ್ಷ್ಮಿಯ ಹತ್ತಿರ ಬಂದರು. ದನಿ ತಗ್ಗಿತು.

"ತಂಗಿ, ಒಂದ್ ಉಪಕಾರ ಮಾಡ್ತಿ? ಸುಲಿಯೂದು ಗೊತ್ತಾತು. ಒಳಗ ಬೆಂದೈತೋ ಇಲ್ಲೋ, ಉಪ್ಪು ಎಷ್ಟ ಬೇಕು, ಇದು ಯಾವದೂ ನನ್ ನಾಲಗಿಗೆ ತಿಳಿಯಂಗಿಲ್ಲ. ಬುಧವಾರ ಹುಡುಗ್ರು ಊಟಕ್ಕ ಕೂಡೂಕಿಂತ ಮೊದ್ಲ ಬಂದು, ನೀ ಒಂದ್ ತಿಂದು ಹೇಳ್ತಿ?"