ಉಪ್ಪು ಹಾಕಿದ ಕೈ

ನನ್ನ ಬಲಗೈಗೊಂದು ದುರಭ್ಯಾಸವಿದೆ. ಒಲೆಯ ಮೇಲೆ ಏನೇ ಕುದಿಯುತ್ತಿರಲಿ, ಅದು ಯಾರ ಮನೆಯದೇ ಆಗಿರಲಿ, ಯಜಮಾನನ ಅಪ್ಪಣೆಗೂ ಕಾಯದೆ ಉಪ್ಪಿನ ಡಬ್ಬಿಗೆ ಹೋಗಿಬಿಡುತ್ತದೆ. ನ್ಯೂಜಿಲೆಂಡಿನ ಟೌರಂಗಾ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ವಸುಧಾ ರಕ್ತದೊತ್ತಡದ ಮೇಲೆ ಎಷ್ಟು ಉಪನ್ಯಾಸ ಕೊಟ್ಟರೂ, 'ಉಪ್ಪಿಗಿಂತ ರುಚಿಯಿಲ್ಲ' ಎಂಬ ಅರ್ಧ ಗಾದೆಯನ್ನು ಎಸೆದು, ವಾದ ಗೆದ್ದ ಪಂಡಿತನಂತೆ ನಾನು ಬೀಗುತ್ತಿದ್ದೆ.

ಪಕ್ಕದ ಮನೆಯ ರೂತ್ ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನದವಳು. ಅವಳ ಹಿರಿಯರನ್ನು ಸ್ವಂತ ನೆಲದಿಂದ ಪಶ್ಚಿಮಕ್ಕೆ ಅಟ್ಟಿದಾಗ, ಮನೆಮಠ ಬಿಟ್ಟರೂ ಬೀಜದ ಜೋಳವನ್ನು ಬಿಡದೆ ಕಟ್ಟಿಕೊಂಡು ನಡೆದರಂತೆ. ಮಗಳ ಜೊತೆಗಿರಲು ಬಂದ ಅವಳ ತಾಯಿ ಜ್ವರದಿಂದೆದ್ದ ಮೇಲೆ ನಾಲ್ಕು ದಿನ ಏನನ್ನೂ ಮುಟ್ಟಿರಲಿಲ್ಲ. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಉಳಿದಿದ್ದದ್ದು ಒಂದೇ ಉಪಾಯ, ತವರಿನ ಅಡುಗೆ. ಹಿತ್ತಲಲ್ಲಿ ಬೆಳೆದ ಮುಸುಕಿನ ಜೋಳವನ್ನು ಬೂದಿನೀರಿನಲ್ಲಿ ಬೇಯಿಸಿ, ಸಿಪ್ಪೆ ಕಳೆದು ಬೀಸಿದ ಹಿಟ್ಟು ಎರಡೇ ಸಲಕ್ಕಾಗುವಷ್ಟಿತ್ತು. ಅದಕ್ಕೆ ಬೆಂದ ಬೀನ್ಸ್ ಕಾಳು ಕಲಸಿ, ತೆನೆಯ ಹೊದಿಕೆಯಲ್ಲಿ ಕಟ್ಟಿ ಕುದಿಸುವ ರೊಟ್ಟಿ ನಮ್ಮ ಎಲೆಗಡುಬಿನ ದೂರದ ದಾಯಾದಿ. ಕಟ್ಟುವುದರಲ್ಲಿ ನಾನು ನಿಪುಣನೆಂದು ಕೊಚ್ಚಿಕೊಂಡಿದ್ದರಿಂದ ನನಗೆ ಕರೆ ಬಂತು.

ಉಪ್ಪು ಮಾತ್ರ ಬೇಡ ಎಂದು ಹೇಳಿ ರೂತ್ ತಾಯಿಯನ್ನು ಕರೆತರಲು ಒಳಗೆ ಹೋದಳು. ಅಯ್ಯೋ ಪಾಪ, ಬಾಯಿ ಕೆಟ್ಟ ಮುದುಕಿಗೆ ಸಪ್ಪೆ ರೊಟ್ಟಿಯೇ! ನನ್ನ ಕೈ ತನ್ನ ಕೆಲಸ ಮಾಡಿಯೇಬಿಟ್ಟಿತು.

ರೊಟ್ಟಿಗಳು ನೀರಿಗಿಳಿದ ಮೇಲೆ ರೂತ್ ಕಾರಣ ಹೇಳಿದಳು: ಉಪ್ಪು ಬಿದ್ದರೆ ಕುದಿಯುವಾಗ ಪುಡಿಪುಡಿಯಾಗುತ್ತದೆ ಎನ್ನುತ್ತಾರೆ ಅವರ ಹಿರಿಯರು. ನಾನು ಉಪ್ಪಿನ ಡಬ್ಬಿಯನ್ನು ಮೆಲ್ಲನೆ ದೂರ ಸರಿಸಿದೆ. ಮೇಜಿನ ಬಳಿ ಕುಳಿತ ಮುದುಕಿಯ ಕಣ್ಣು ಪಾತ್ರೆಯ ಮೇಲಿತ್ತು, ರೂತಳ ಕಣ್ಣು ತಾಯಿಯ ಮೇಲೆ. ಆಗಷ್ಟೇ ಡ್ಯೂಟಿ ಮುಗಿಸಿ ಅಲ್ಲಿಗೇ ಬಂದು ಈ ಮಾತು ಕೇಳಿಸಿಕೊಂಡ ವಸುಧಾ ನನ್ನ ಮುಖ ನೋಡಿದವಳೇ ಕನ್ನಡದಲ್ಲಿ ಪಿಸುಗುಟ್ಟಿದಳು, "ರೀ, ಉಪ್ಪು ಹಾಕಿದ್ರಾ? ಹಾಳಾದ್ ಕೈ! ಮೊದ್ಲು ಹೇಳ್ಬಿಡಿ."

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಹೇಳಿದೆ. ರೂತ್ ಮುಚ್ಚಳ ತೆಗೆದಾಗ ರೊಟ್ಟಿಗಳು ಬಿಚ್ಚಿಕೊಂಡು ಗಂಜಿಯಾಗಿದ್ದವು. ಅವಳು ಬೈಯಲಿಲ್ಲ, ಸೌಟು ಹಿಡಿದೇ ಅತ್ತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುದುಕಿ ಕೈಚಾಚಿ ಬಟ್ಟಲು ಕೇಳಿದರು. ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂತರ ಮಗಳಿಗೆ ಇಂಗ್ಲಿಷಿನಲ್ಲಿ, ನನಗೂ ಕೇಳಿಸಲೆಂದೇ ಏನೋ, ಸ್ಪಷ್ಟವಾಗಿ ಹೇಳಿದರು: "ನಾಳೆ ಮತ್ತೆ ಮಾಡು. ನಾನು ಇಲ್ಲೇ ಕೂತಿರ್ತೀನಿ. ಇವನ ಕೈ ನನ್ನ ಕಣ್ಣೆದುರಿಗೇ ಇರಲಿ."

ನಾಲ್ಕು ದಿನಗಳಲ್ಲಿ ಅವರ ಬಾಯಿಂದ 'ನಾಳೆ' ಎಂಬ ಮಾತು ಬಂದದ್ದು ಅದೇ ಮೊದಲಂತೆ.

ಮರುದಿನ ಉಳಿದ ಹಿಟ್ಟಿನಲ್ಲಿ, ಅವರ ಕಾವಲಿನಲ್ಲಿ, ಎರಡೂ ಕೈಗಳಿಂದ ಕಟ್ಟಿದೆ. ರೊಟ್ಟಿ ಒಡೆಯಲಿಲ್ಲ. ಅವರು ಒಂದೂವರೆ ತಿಂದರು. ನನಗೆ ಕೊಟ್ಟದ್ದು, ಸುಳ್ಳೇಕೆ ಹೇಳಲಿ, ಸಪ್ಪೆಯಾಗಿಯೇ ಇತ್ತು. ಆದರೆ ತಾಯಿಯ ತುಟಿಯಂಚಿನ ಹಿಟ್ಟನ್ನು ರೂತ್ ಒರೆಸುವುದನ್ನು ನೋಡುತ್ತ, ನಾನು ಬಿಟ್ಟೇಬಿಟ್ಟಿದ್ದ ಗಾದೆಯ ಉಳಿದರ್ಧ ನೆನಪಾಯಿತು: ತಾಯಿಗಿಂತ ಬಂಧುವಿಲ್ಲ. ಉಪ್ಪಿನ ಡಬ್ಬಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ನಾನು ಇನ್ನೊಂದು ರೊಟ್ಟಿಗೆ ಕೈ ಚಾಚಿದೆ.